ಪುಟಕ್ಕೆ ಮೂವತ್ತು

ಕೋರ್ಟಿನೆದುರು ನನ್ನ ಅಂಗಡಿ. ಜೆರಾಕ್ಸ್, ಲ್ಯಾಮಿನೇಷನ್,
ಕನ್ನಡ ಡಿಟಿಪಿ. ಶಿಡ್ಲಘಟ್ಟದಲ್ಲಿ ಯಾರು ಯಾರ ಮೇಲೆ
ದಾವೆ ಹೂಡಿದರೂ ಮೊದಲು ನನ್ನ ಕೀಲಿಮಣೆಗೆ ಗೊತ್ತು.
ಪಹಣಿ, ವಂಶವೃಕ್ಷ, ಜಾಮೀನು ಅರ್ಜಿ.
ಬೆರಳಿಗೆ ಪಕ್ಷವಿಲ್ಲ, ರೇಟುಂಟು.

ಆಷಾಢದ ಒಂದು ಸೋಮವಾರ ಅವನ ಹುಡುಗರು ಬಂದರು.
ಆರು ನೋಟ್‌ಬುಕ್ಕು, ಹಾಳೆಹಾಳೆಗೂ ಜೈಲಿನ ನೀಲಿ ಮೊಹರು.
"ಅಣ್ಣನ ಆತ್ಮಕಥೆ. ಸಿನಿಮಾದವರೂ ಕೇಳ್ತಾವ್ರೆ.
ಪುಟಕ್ಕೆ ಹದಿನೈದಲ್ಲ, ಮೂವತ್ತು ತಗೊ.
ಕಾಗುಣಿತ ತಿದ್ದು. ಕಥೆ ತಿದ್ದಬೇಡ."

ಅಣ್ಣನ ಹೆಸರು ಇಲ್ಲಿ ಬರೆಯುವುದಿಲ್ಲ.
ಬಸ್ ಸ್ಟ್ಯಾಂಡಿನ ಗೋಡೆಗಳಿಗೆ ಅದು ಬಾಯಿಪಾಠ.

ಬರೆದಿದ್ದ ಚೆನ್ನಾಗಿಯೇ, ಸುಳ್ಳೇಕೆ.
ಅವ್ವ ಸುಟ್ಟ ರಾಗಿರೊಟ್ಟಿ, ಕದ್ದು ಸೇದಿದ ಬೀಡಿ,
ಕೆರೆಯಲ್ಲಿ ಎಮ್ಮೆಯ ಬಾಲ ಹಿಡಿದು ಕಲಿತ ಈಜು.
ಹತ್ತೊಂಬತ್ತನೇ ಪುಟದಲ್ಲಿ ನನಗೇ ಗಂಟಲು ಕಟ್ಟಿತು,
ಟೀ ತರಿಸಿಕೊಂಡು ಮುಂದಕ್ಕೆ ಹೊಡೆದೆ.

ನಲವತ್ತೊಂದರಲ್ಲಿ:
"ಗೂಡಿನ ಮಾರ್ಕೆಟ್ಟಲ್ಲಿ ಒಬ್ಬ ಎದುರು ಮಾತಾಡಿದ.
ಅವತ್ತಿಂದ ಜನ ನನ್ನನ್ನು ಬೇರೆ ಥರ ನೋಡತೊಡಗಿದರು."
ಅಷ್ಟೇ. ಮುಂದಿನ ಪ್ಯಾರಾ ಪೂರ್ತಿ ಬುಲೆಟ್ಟು ಕೊಂಡದ್ದು,
ಬಣ್ಣ, ಮಾಡೆಲ್ಲು, ಸೈಲೆನ್ಸರಿನ ಸದ್ದು ಸಮೇತ.

ಒಬ್ಬ.
ಕರ್ಸರು ಆ ಪದದ ಪಕ್ಕ ಮಿಟುಕುತ್ತ ನಿಂತಿತು.

ಒಬ್ಬ ಅಂದರೆ ನಡಿಪಣ್ಣ. ಗೂಡಿನ ಜಲ್ಲೆ ತೂಗುತ್ತಿದ್ದವನು,
ತಕ್ಕಡಿ ಮುಳ್ಳು ನಿಲ್ಲುವ ತನಕ ಉಸಿರು ಬಿಡದವನು.
ಜಲ್ಲೆಗೆ ಹತ್ತು ರೂಪಾಯಿ ಮಾಮೂಲು ಕೊಡೋದಿಲ್ಲ ಅಂದದ್ದೇ
ಎದುರು ಮಾತು.
ಅವನ ಲಗ್ನಪತ್ರಿಕೆ ಹೊಡೆದವನೂ ನಾನೇ,
"ನಡಿಪನ್ನ" ಅಂತ, ತಪ್ಪಾಗಿ. ಇನ್ನೂರು ಕಾರ್ಡು
ಇದೇ ಬೆಂಚಿನ ಮೇಲೆ ಕೂತು ಪೆನ್ನಿನಲ್ಲಿ ತಿದ್ದಿಕೊಂಡ.
ಬೈಯಲಿಲ್ಲ.

ಅದೇ ವಾರ ಗಂಗುಲಮ್ಮ ಬಂದಳು, ಫಿಲೇಚರಿನಿಂದ ನೇರ.
ಬಿಸಿನೀರಲ್ಲಿ ಬೆಂದು ಬಿಳಿಚಿದ ಬೆರಳು, ಸೆರಗಿಗೆ ಹುಳದ ವಾಸನೆ.
ವಿಧವಾ ವೇತನ ನಿಂತುಹೋಗಿತ್ತು. ಮರಣಪತ್ರ ಎರಡು ಕಾಪಿ.
ಗಾಜಿನ ಕೆಳಗೆ ಹಸಿರು ಬೆಳಕು ಅವನ ಮೇಲೆ ಹಾದು ಹೋಯಿತು.
ಪರದೆ ಆರಿಸಲು ತಡವಾಯಿತು ನನಗೆ.
ಅವಳು ಏಳನೇ ಕ್ಲಾಸು ಪಾಸು.

"ಇದಕ್ಕೆ ನಿಂಗೆಷ್ಟು?"
ಹೇಳಿದೆ.
"ಅವನಿಗೆ?"
ಸಿನಿಮಾದವರು ನಲವತ್ತು ಲಕ್ಷ ಅಂತಾರಂತೆ, ಅಂದೆ.
ಸ್ವಲ್ಪ ಹೊತ್ತು ಬೆರಳು ನೋಡಿಕೊಂಡಳು.
"ನಾವೂ ಹುಳ ಬೇಯಿಸೇ ನೂಲು ತೆಗೆಯೋರು ಸಾರ್.
ಬೇಯಿಸಿದ್ದಕ್ಕೆ ಹಾರ ಹಾಕಿಸ್ಕೊಳಲ್ಲ."
ನಾಲ್ಕು ರೂಪಾಯಿ ಎಣಿಸಿಟ್ಟು ಹೋದಳು.
ಬೇಡ ಅನ್ನಲು ನನ್ನ ಬಾಯಿ ಏಳಲಿಲ್ಲ.

ವಕೀಲ ಪಾಪಣ್ಣಶೆಟ್ಟರನ್ನು ಕೇಳಿದೆ:
ಕದ್ದ ಎಮ್ಮೆ ಮಾರಿದರೆ ದುಡ್ಡು ಜಪ್ತಿ. ಕೊಂದ ಕಥೆ ಮಾರಿದರೆ?
"ಕೊಂದದ್ದು ಅಪರಾಧ. ಹೇಳೋದು ಹಕ್ಕು," ಅಂದರು.
ಕನ್ನಡಕ ತೆಗೆದು ಪಂಚೆಯ ತುದಿಗೆ ಒರೆಸಿದರು.
"ಹಕ್ಕು ಸರಿ. ಅದಕ್ಕೆ ಕೂಲಿ ಯಾಕೆ ಅಂತ
ನಮ್ಮ ಕೋರ್ಟಲ್ಲಿ ಇನ್ನೂ ಯಾರೂ ಕೇಳಿಲ್ಲ ಕಣಯ್ಯಾ."

ಹೇಳಲಿ. ಅವನ ಬಾಯಿ ಹೊಲಿಯುವ ಸೂಜಿ ನನ್ನಲ್ಲಿಲ್ಲ.
ಆದರೆ ಹೇಳಿದ್ದಕ್ಕೆ ಬಂದ ದುಡ್ಡು
ಫಿಲೇಚರಿನ ಹಿಂದಿನ ಆ ಬಾಗಿಲು ದಾಟಿಕೊಂಡು
ಬುಲೆಟ್ಟಿನ ಶೋರೂಮಿಗೆ ಹೋಗುತ್ತದಲ್ಲ.

ನೋಟ್‌ಬುಕ್ಕು ವಾಪಸು ಕೊಟ್ಟೆ. ಶೌರ್ಯವೇನಲ್ಲ,
ಕಣ್ಣು ನೋವು ಅಂತ ನೆಪ ಹೇಳಿದೆ.
ಎದುರಂಗಡಿಯವನು ಇಪ್ಪತ್ತೈದಕ್ಕೇ ಮುಗಿಸಿಕೊಟ್ಟ.
ಬಿಡುಗಡೆಯ ದಿನ ಪಟಾಕಿ ಹೊಗೆಗೆ ನನ್ನ ಶಟರು ಕಪ್ಪಾಯಿತು.
ನಲವತ್ತು ಪುಟದ ಸಾವಿರದ ಇನ್ನೂರು ಡ್ರಾಯರಿನಲ್ಲಿದೆ.
ಗಂಗುಲಮ್ಮನಿಗೆ ಕಳಿಸಿದ್ದೆ, ಕವರು ಬಿಚ್ಚದೆ ಹಿಂದಿರುಗಿತು.

ಮೊನ್ನೆ ಅವಳೇ ಬಂದು ಬೆಂಚಿನ ಮೇಲೆ ಕೂತಳು.
"ಕೇಳೋಣ. ಕೊಡ್ತಾರೋ ಬಿಡ್ತಾರೋ. ಬರಿ."
ಅರ್ಜಿದಾರಳು: ಗಂಗುಲಮ್ಮ, ಕೋಂ ಲೇಟ್ ನಡಿಪಣ್ಣ.
ಣಕ್ಕೆ ಣ ಒತ್ತು. ಮೂರು ಸಲ ನೋಡಿದೆ.
ಎಷ್ಟಾಯ್ತು ಅಂದಳು.
ಪುಟಕ್ಕೆ ಹದಿನೈದು ಅಂದೆ. ಕೊಟ್ಟಳು.